ಫೋನ್ ಎಲ್ಲರ ಕೈಯಲ್ಲೂ ಇದೆ, ವಿಡಿಯೋ ಮಾಡಿ ಅಂದ್ರೆ ಮಾತ್ರ ಎದ್ದು ಹೋಗ್ತಾರೆ, ಏನ್ಮಾಡಲಿ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಒಂದು ಗ್ರಾಮ ಪಂಚಾಯ್ತಿಯ ಅರಿವು ಕೇಂದ್ರದಲ್ಲಿ, ಅಂದ್ರೆ ಊರಿನ ಗ್ರಂಥಾಲಯದಲ್ಲಿ, ಮೇಲ್ವಿಚಾರಕಿ. ನಮ್ಮೂರಲ್ಲಿ ಹೆಚ್ಚೂಕಡಿಮೆ ಎಲ್ಲರ ಮನೆಯಲ್ಲೂ ಸ್ಮಾರ್ಟ್‌ಫೋನ್ ಇದೆ, ದಿನವಿಡೀ ರೀಲ್ಸ್ ನೋಡ್ತಾರೆ. ಆದರೆ ನಿಮ್ಮ ಕೆಲಸ, ನಿಮಗೆ ಗೊತ್ತಿರೋದನ್ನ ನೀವೇ ಒಂದು ವಿಡಿಯೋ ಮಾಡಿ ಅಂದ್ರೆ "ನಮಗೇನ್ ಬರ್ತದರೀ, ನಮ್ದೇನ್ ನೋಡ್ತಾರ" ಅಂತ ಎದ್ದು ಹೋಗ್ತಾರೆ. ಒಂದು ದಿನದ ತರಬೇತಿ ಇಟ್ಟೆ. ಬಂದವರೆಲ್ಲ ಕಾಲೇಜು ಹುಡುಗರು. ಹೆಂಗಸರು, ವಯಸ್ಸಾದವರು ಬರಲೇ ಇಲ್ಲ. ಕೇಂದ್ರದಲ್ಲಿ ಒಂದು ಟಿವಿ ಇದೆ. ಎಲ್ಲಿಂದ ಶುರು ಮಾಡಲಿ? ಇದರಿಂದ ದುಡ್ಡು ಬರುತ್ತಾ ಅಂತಾನೂ ಕೇಳ್ತಾರೆ, ಅದಕ್ಕೇನು ಹೇಳಲಿ?

ಉತ್ತರ: ತರಬೇತಿಯನ್ನು ಸದ್ಯಕ್ಕೆ ಬಿಡಿ. ನಿಮ್ಮೂರಿನವರಿಗೆ ಫೋನ್ ಬರಲ್ಲ ಅಂತ ನನಗೆ ಅನಿಸುತ್ತಿಲ್ಲ. ಬೆಂಗಳೂರಿಗೆ ಕೆಲಸಕ್ಕೆ ಹೋದ ಮಗನಿಗೆ ಅವರು ವಿಡಿಯೋ ಕಾಲ್ ಮಾಡುತ್ತಾರೆ. ಹೋರಿ ಹಬ್ಬದಲ್ಲಿ ಹೋರಿ ಓಡುವುದನ್ನು ಅಷ್ಟು ಗದ್ದಲದ ನಡುವೆ ಕೈ ಮೇಲೆತ್ತಿ ಹಿಡಿದು ತೆಗೆದು, ಸಂಜೆಯೊಳಗೆ ಸ್ಟೇಟಸ್‌ಗೆ ಹಾಕಿರುತ್ತಾರೆ. ಯಾವ ಗುಂಡಿ ಒತ್ತಬೇಕು ಅನ್ನೋದು ಗೊತ್ತೇ ಇದೆ. ಅವರು ಹೇಳಿದ ಎರಡನೇ ಮಾತನ್ನು ಹಿಡಿದುಕೊಳ್ಳಿ: "ನಮ್ದೇನ್ ನೋಡ್ತಾರ." ತೊಡಕು ಇರುವುದು ಅಲ್ಲಿ.

ವಿಡಿಯೋ ಅಂದ ತಕ್ಷಣ ಅವರ ಮನಸ್ಸಿಗೆ ಬರುವುದು ಲಕ್ಷಗಟ್ಟಲೆ ಜನ. ಲಕ್ಷ ಜನರ ಮುಂದೆ ಏನು ಮಾತಾಡಬೇಕು ಅಂತ ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿರಲಿಕ್ಕಿಲ್ಲ. ಆದರೆ ಪರಿಚಯದ ಒಬ್ಬರು ಬಂದು ಒಂದು ಮಾತು ಕೇಳಿದರೆ ಉತ್ತರ ಹೇಳೋಕೆ ಯಾರೂ ಹಿಂಜರಿಯೋದಿಲ್ಲ. ಹಾಗಾಗಿ "ವಿಡಿಯೋ ಮಾಡಿ" ಅಂತ ಕೇಳೋದನ್ನೇ ಬಿಟ್ಟುಬಿಡಿ. ಮೊದಲು ಒಂದು ಪ್ರಶ್ನೆ ಹುಡುಕಿ, ಆಮೇಲೆ ಅದನ್ನು ಉತ್ತರ ಗೊತ್ತಿರುವವರ ಮನೆಗೆ ತೆಗೆದುಕೊಂಡು ಹೋಗಿ.

ಒಂದು ಉದಾಹರಣೆ ಹೇಳುತ್ತೇನೆ. ಬೆಂಗಳೂರಿಗೆ ಮದುವೆಯಾಗಿ ಹೋದ ಹುಡುಗಿಯೊಬ್ಬಳು ತವರಿಗೆ ಫೋನ್ ಮಾಡಿ, ಜೋಳದ ರೊಟ್ಟಿ ಬಡಿಯೋಕೆ ಕೂತರೆ ಅಂಚೆಲ್ಲ ಸೀಳಿ ಹೋಗುತ್ತೆ ಅಂತ ಅಳುಮೋರೆ ಮಾಡಿದ್ದಳು. ಅವಳ ದೊಡ್ಡಮ್ಮ ಬಾಯಲ್ಲಿ ಎಷ್ಟು ಹೇಳಿದರೂ ತಿಳಿಯಲಿಲ್ಲ. ಕೊನೆಗೆ ಪಕ್ಕದ ಮನೆ ಸೊಸೆ ಫೋನ್ ಹಿಡಿದಳು, ದೊಡ್ಡಮ್ಮ ರೊಟ್ಟಿಗೆ ಕೂತರು. ಹಿಟ್ಟಿನ ನಡುವೆ ಕುಣಿ ಮಾಡಿ, ಕೊತಕೊತ ಕುದಿಯುವ ನೀರನ್ನೇ ಹಾಕಿದರು. ಬಿಸಿನೀರಲ್ಲ, ಕುದಿಯುವ ನೀರು. ಕೈಗೆ ತಾಳುವಷ್ಟು ಬಿಸಿ ಇರುವಾಗಲೇ ಅಂಗೈ ಬುಡದಿಂದ ಒತ್ತಿ ಒತ್ತಿ ನಾದಿದರು. ಬಡಿಯುವಾಗ ಅಂಚು ಒಂದು ಕಡೆ ಸೀಳಿತು. ಮಾತು ನಿಲ್ಲಿಸದೆ ಒದ್ದೆ ಬೆರಳಿನಿಂದ ಅದನ್ನು ಸವರಿ ಮುಚ್ಚಿದರು, ಮತ್ತೆ ಬಡಿದರು. "ಹಿಟ್ಟು ಬೀಸಿ ಬಾಳ ದಿನ ಆಗಿದ್ರ ಜಿಗಿ ಹೋಗಿರ್ತದ, ಅಂಗಡಿ ಹಿಟ್ಟಾದ್ರ ಯಾವಾಗ ಬೀಸಿದ್ದು ಕೇಳು" ಅಂದರು. ಒಟ್ಟು ಮೂರೇ ನಿಮಿಷ. ಮುಖ ಕಾಣಲೇ ಇಲ್ಲ, ಕೈ, ಹಿಟ್ಟು, ಹಂಚು ಅಷ್ಟೇ.

ಜೋಳದಲ್ಲಿ ಗೋಧಿಯಲ್ಲಿರುವ, ಹಿಟ್ಟನ್ನು ಹಿಡಿದಿಡುವ ಗ್ಲುಟೆನ್ ಇಲ್ಲ, ಕುದಿಯುವ ನೀರು ಬಿದ್ದು ಪಿಷ್ಟ ಅರೆಬೆಂದಾಗಲೇ ಹಿಟ್ಟಿಗೆ ಅಂಟು ಬರುವುದು. ಆ ದೊಡ್ಡಮ್ಮನಿಗೆ ಗ್ಲುಟೆನ್ ಅನ್ನೋ ಹೆಸರು ಗೊತ್ತಿಲ್ಲ. ಆದರೆ ಅಡುಗೆ ಚಾನೆಲ್‌ಗಳಲ್ಲಿ ಎಷ್ಟೋ ಸಲ ತಪ್ಪಿಹೋಗುವ ಆ ಒದ್ದೆ ಬೆರಳು ಅವರ ವಿಡಿಯೋದಲ್ಲಿತ್ತು. ಮೊದಲು ಹೋಗಿದ್ದು ಒಬ್ಬಳಿಗೆ, ಆಮೇಲೆ ಮನೆಯವರ ಗ್ರೂಪಿಗೆ, ಅಲ್ಲಿಂದ ಊರೆಲ್ಲ. ಲಕ್ಷ ಜನಕ್ಕೆ ವಿಡಿಯೋ ಮಾಡಿ ಅಂತ ಮೊದಲೇ ಕೇಳಿದ್ದರೆ ಆ ದೊಡ್ಡಮ್ಮ ಖಂಡಿತ ಎದ್ದು ಒಳಗೆ ಹೋಗುತ್ತಿದ್ದರು.

ಇದನ್ನು ಸುಮ್ನೆ ಹೇಳುತ್ತಿಲ್ಲ. ಕರ್ನಾಟಕದಲ್ಲೇ ಇದರ ದೊಡ್ಡ ಪ್ರಯೋಗ ನಡೆದಿದೆ. 2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿದ್ದ ರಿಕಿನ್ ಗಾಂಧಿ ಮತ್ತು ಜೊತೆಯವರು, ಗ್ರೀನ್ ಫೌಂಡೇಶನ್ ಅನ್ನೋ ಸಂಸ್ಥೆಯ ಜೊತೆ ಸೇರಿ, ಹಳ್ಳಿಯ ರೈತರದ್ದೇ ವಿಡಿಯೋ ತೆಗೆದು ಅದೇ ಸುತ್ತಿನ ರೈತರಿಗೆ ತೋರಿಸುವ ಕೆಲಸ ಶುರು ಮಾಡಿದರು. ಅದೇ ಮುಂದೆ ಡಿಜಿಟಲ್ ಗ್ರೀನ್ ಅನ್ನೋ ಸಂಸ್ಥೆಯಾಗಿ ಬೇರೆ ರಾಜ್ಯಗಳಿಗೆ, ಇಥಿಯೋಪಿಯಾಕ್ಕೂ ಹೋಯಿತು. ಆಗ ಹಳ್ಳಿಯವರ ಕೈಯಲ್ಲಿ ಸ್ಮಾರ್ಟ್‌ಫೋನ್ ಎಲ್ಲಿತ್ತು? ಒಂದು ಸಾಧಾರಣ ಕ್ಯಾಮೆರಾ, ಒಂದು ಟಿವಿ, ಒಂದು ಡಿವಿಡಿ ಪ್ಲೇಯರ್. ರಾತ್ರಿ ಊಟದ ಹೊತ್ತಿಗೆ ಜನ ಸೇರುತ್ತಿದ್ದರು, ಊರಿನವರೇ ಒಬ್ಬರು ನಡುನಡುವೆ ವಿಡಿಯೋ ನಿಲ್ಲಿಸಿ ಪ್ರಶ್ನೆ ಕೇಳುತ್ತಿದ್ದರು. 16 ಹಳ್ಳಿಗಳಲ್ಲಿ ನಡೆಸಿದ ಪ್ರಯೋಗದಲ್ಲಿ, ಅಧಿಕಾರಿ ಬಂದು ಹೇಳಿ ಹೋಗುವ ಹಳೇ ಪದ್ಧತಿಗೆ ಹೋಲಿಸಿದರೆ, ಖರ್ಚಿನ ಲೆಕ್ಕದಲ್ಲಿ ಇದು 10 ಪಟ್ಟು ಪರಿಣಾಮಕಾರಿ ಅಂತ ಕಂಡುಬಂತು.

ನೋಡಿದ ರೈತರು ಮೊದಲು ಕೇಳುತ್ತಿದ್ದದ್ದು ಏನು ಗೊತ್ತಾ? "ಅವನ ಹೆಸರೇನು, ಯಾವೂರು?" ಬೆಳೆಯ ಪ್ರಶ್ನೆ ಆಮೇಲೆ. ವಿಡಿಯೋದಲ್ಲಿರುವ ಮನುಷ್ಯ ತಮ್ಮಂಥವನು, ತಮ್ಮ ಹಾಗೇ ಮಾತಾಡುತ್ತಾನೆ, ತಮ್ಮಷ್ಟೇ ಹೊಲ ಇದೆ ಅಂತ ಖಾತ್ರಿಯಾದ ಮೇಲೆ ಉಳಿದದ್ದನ್ನು ಕೇಳಿಸಿಕೊಳ್ಳುತ್ತಿದ್ದರು. "ನಮ್ದೇನ್ ನೋಡ್ತಾರ" ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿಲ್ಲ. ನಿಮ್ಮದೇ ಆಗಿರೋದರಿಂದಲೇ ನೋಡುತ್ತಾರೆ.

ಈಗ ನಿಮ್ಮ ಕೇಂದ್ರಕ್ಕೆ ಬರೋಣ. ಬಾಗಿಲ ಹತ್ತಿರ ಒಂದು ನೋಟ್‌ಬುಕ್ಕು ಇಡಿ. ಪೇಪರ್ ಓದೋಕೆ, ಅರ್ಜಿ ತುಂಬಿಸೋಕೆ ಬಂದವರನ್ನು ಒಂದೇ ಮಾತು ಕೇಳಿ: ನಿಮಗೆ ಯಾರಿಂದಾದರೂ ಏನಾದರೂ ಕಲಿಯಬೇಕು ಅಂತಿದೆಯಾ? ಯಾರ ಮನೆ ಉಪ್ಪಿನಕಾಯಿ ಎರಡು ವರ್ಷ ಕೆಡೋದಿಲ್ಲ, ಎತ್ತು ಕೊಳ್ಳುವಾಗ ಹಲ್ಲು ಹೇಗೆ ನೋಡಬೇಕು, ಬ್ಯಾಡಗಿ ಮೆಣಸಿನಕಾಯಿ ಬಣ್ಣ ಹೋಗದ ಹಾಗೆ ಒಣಗಿಸೋದು ಹೇಗೆ, ಸೋಬಾನೆ ಪದ ಈಗ ಯಾರಿಗೆ ಬರುತ್ತೆ. ಬರೆದುಕೊಳ್ಳಿ, ಕೇಳಿದವರ ಹೆಸರು ಸಮೇತ. ನಿಮ್ಮ ತರಬೇತಿಗೆ ಬಂದ ಕಾಲೇಜು ಹುಡುಗರು ಇಲ್ಲಿ ಕೆಲಸಕ್ಕೆ ಬರುತ್ತಾರೆ. ಅವರು ಮನೆಮನೆಗೆ ಹೋಗಿ ಪ್ರಶ್ನೆ ಸಂಗ್ರಹಿಸಲಿ. ಆಮೇಲೆ ನೀವು ಒಬ್ಬರ ಮನೆಗೆ ಹೋಗಿ, "ಅಜ್ಜಾ, ಆ ಓಣಿಯ ಹುಡುಗ ಎತ್ತಿನ ಹಲ್ಲು ನೋಡೋದು ಹೆಂಗ ಅಂತ ಕೇಳಾಕತ್ತಾನ, ನೀವು ತೋರಿಸ್ತೀರಂತ" ಅಂದು ನೋಡಿ. ಕೇಳಿದವನ ಹೆಸರು ಹೇಳಿದ ಮೇಲೆ ಇಲ್ಲ ಅನ್ನುವವರು ಬಹಳ ಕಡಿಮೆ.

ಫೋನ್ ಯಾರು ಹಿಡೀಬೇಕು ಅನ್ನೋದು ಎಲ್ಲಕ್ಕಿಂತ ಮುಖ್ಯ. ನೀವು ಹಿಡೀಬೇಡಿ. ಕಾಲೇಜು ಹುಡುಗರ ಕೈಗೂ ಮೊದಲೇ ಕೊಡಬೇಡಿ, ಅವರು ಬೇಡ ಅಂದರೂ ಹಾಡು ಹಾಕಿ, ಮುಖಕ್ಕೆ ಫಿಲ್ಟರ್ ಹಾಕಿ, ಅಜ್ಜನ ಮಾತನ್ನೇ ಮುಚ್ಚಿಬಿಡುತ್ತಾರೆ. ಮನೆಯ ಸೊಸೆಯೋ, ಮೊಮ್ಮಗಳೋ, ಪಕ್ಕದ ಮನೆಯವರೋ ಅವರ ಸ್ವಂತ ಫೋನಿನಲ್ಲೇ ತೆಗೆಯಲಿ. ನಿಮ್ಮ ಫೋನಿನಲ್ಲಿ ತೆಗೆದರೆ ಅದು ನಿಮ್ಮ ವಿಡಿಯೋ ಆಗುತ್ತೆ. ನೀವು ಹೊರಟ ಮೇಲೆ ಕೆಲಸವೂ ನಿಂತುಹೋಗುತ್ತೆ. ಫೋನ್ ಹಿಡಿದವರೇ ಪ್ರಶ್ನೆ ಕೇಳಲಿ. ಆಗ ಹೇಳುವವರು ಕ್ಯಾಮೆರಾ ನೋಡೋದಿಲ್ಲ, ಹಿಡಿದವರ ಮುಖ ನೋಡಿ ಮಾತಾಡುತ್ತಾರೆ. ಭಾಷೆಯೂ ಮನೆಯ ಭಾಷೆಯೇ ಆಗಿ ಉಳಿಯುತ್ತದೆ. ಇದು ದೊಡ್ಡ ವಿಷಯ. ಎಂಥಾ ಚೆನ್ನಾಗಿ ಮಾತಾಡುವವರೂ "ರೆಡಿ, ಶುರು" ಅಂದ ತಕ್ಷಣ ಟಿವಿಯವರ ಹಾಗೆ "ನಮಸ್ಕಾರ ವೀಕ್ಷಕರೇ" ಅಂತ ಗಟ್ಟಿಯಾಗಿಬಿಡುತ್ತಾರೆ, ಆಮೇಲೆ ಎರಡು ವಾಕ್ಯ ಆಡೋಕೆ ಬೆವರು. ಅದಕ್ಕೇ ಹೇಳೋದು, ಕೆಲಸ ಮೊದಲು ಶುರುವಾಗಲಿ. ಕೈ ಓಡೋಕೆ ಶುರುವಾದ ಮೇಲೆ ರೆಕಾರ್ಡ್ ಒತ್ತಿ. ಕೈಯ ಹಿಂದೆ ಮಾತು ತಾನಾಗಿ ಬರುತ್ತದೆ.

ತಾಂತ್ರಿಕ ವಿಷಯ ಜಾಸ್ತಿ ಇಲ್ಲ. ಚಿತ್ರ ಸ್ವಲ್ಪ ಮಸುಕಾಗಿದ್ದರೂ ಜನ ನೋಡುತ್ತಾರೆ, ಮಾತು ಕೇಳದಿದ್ದರೆ ಎದ್ದು ಹೋಗುತ್ತಾರೆ. ಫ್ಯಾನ್, ಟಿವಿ, ಮಿಕ್ಸಿ ಬಂದ್ ಮಾಡಿಸಿ. ಫೋನ್ ಒಂದು ಮೊಳ, ಹೆಚ್ಚೆಂದರೆ ಎರಡು ಮೊಳ ದೂರದಲ್ಲಿರಲಿ. ಹೊಲದಲ್ಲಿ ಗಾಳಿ ಇದ್ದರೆ ಇನ್ನೊಂದು ಫೋನಿನಲ್ಲಿ ವಾಯ್ಸ್ ರೆಕಾರ್ಡರ್ ಹಾಕಿ ಮಾತಾಡುವವರ ಅಂಗಿ ಜೇಬಿನಲ್ಲಿಡಿ, ಆ ಧ್ವನಿಯನ್ನು ಆಮೇಲೆ ಜೋಡಿಸಬಹುದು. ಇಲ್ಲಾಂದ್ರೆ ಮೈಕ್ ಇರುವ ಹಳೇ ವೈರ್ ಇಯರ್‌ಫೋನ್ ಸಾಕು, ಮೈಕ್ ಎದೆಯ ಹತ್ತಿರ ಬರುವಂತೆ ಸಿಕ್ಕಿಸಿ. ರೆಕಾರ್ಡ್ ಮಾಡುವ ಮುಂಚೆ ಫ್ಲೈಟ್ ಮೋಡ್ ಹಾಕಿಸೋದು ಮರೀಬೇಡಿ, ಒಳ್ಳೆಯ ಮಾತು ಬರುವ ಹೊತ್ತಿಗೇ ಯಾರಾದರೂ ಕಾಲ್ ಮಾಡುತ್ತಾರೆ. ಲೆನ್ಸ್ ಒರೆಸಿ. ಅಡುಗೆಮನೆ ಫೋನುಗಳ ಲೆನ್ಸ್ ಮೇಲೆ ಎಣ್ಣೆ ಜಿಡ್ಡು ಇದ್ದೇ ಇರುತ್ತೆ, ಹತ್ತಿ ಸೀರೆಯ ಸೆರಗಿನಲ್ಲಿ ಒಂದು ಸಲ ಒರೆಸಿದರೆ ಕ್ಯಾಮೆರಾ ಬದಲಾಯಿಸಿದಷ್ಟು ವ್ಯತ್ಯಾಸ. ಬಾಗಿಲಿಗೆ ಬೆನ್ನು ಮಾಡಿ ಕೂತರೆ ಮುಖ ಕಪ್ಪಾಗುತ್ತದೆ, ಬಾಗಿಲ ಕಡೆ ಮುಖ ಮಾಡಿ ಕೂರಿಸಿ. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ವಿಡಿಯೋ ಗುಣಮಟ್ಟ 1080ಪಿ ಇಟ್ಟರೆ ಸಾಕು, 4ಕೆ ಬೇಡ, ಜಾಗ ಸುಮ್ನೆ ತುಂಬುತ್ತೆ. ಎಡಿಟಿಂಗ್ ಅಂದರೆ ಗ್ಯಾಲರಿಯಲ್ಲೇ ಇರುವ ಟ್ರಿಮ್. ಶುರು, ಕೊನೆ ಕತ್ತರಿಸಿದರೆ ಆಯಿತು.

ನಿಮ್ಮ ಟಿವಿಯೇ ನಿಮ್ಮ ದೊಡ್ಡ ಆಸ್ತಿ. ಇಂಟರ್ನೆಟ್‌ಗೆ ಹಾಕುವ ಮುಂಚೆ ಅದರಲ್ಲಿ ತೋರಿಸಿ. ಹೆಂಗಸರ ಸ್ವಸಹಾಯ ಸಂಘದ ಅಥವಾ ಅವುಗಳ ಸಂಜೀವಿನಿ ಒಕ್ಕೂಟದ ಸಭೆ ಇರುವ ದಿನ ನೋಡಿ, ಜನ ಹೇಗೂ ಸೇರಿರುತ್ತಾರೆ. ತಮ್ಮ ಓಣಿಯ ಹೆಂಗಸು ದೊಡ್ಡ ಟಿವಿಯಲ್ಲಿ ಕಾಣುವುದನ್ನು ನೋಡಿದ ಮೇಲೆ ಯಾರಾದರೂ ಒಬ್ಬರು "ಹಂಗಲ್ಲ ಅದು, ನಾವು ಬ್ಯಾರೆ ಥರ ಮಾಡ್ತೀವಿ" ಅನ್ನದೇ ಇರೋದಿಲ್ಲ. ಆ ಮಾತು ಬಂದ ತಕ್ಷಣ, "ಹಂಗಿದ್ರ ನಿಮ್ದೂ ತೆಗ್ಯೂಣು, ಯಾವಾಗ ಬರಲಿ" ಅಂತ ಕೇಳಿ. ಮುಂದಿನ ವಿಡಿಯೋ ಸಿಕ್ಕಿತು. ತರಬೇತಿಗೆ ಬಾರದ ಹೆಂಗಸರು ಈ ದಾರಿಯಲ್ಲಿ ಬರುತ್ತಾರೆ.

ಮೊದಲು ಊರಿನವರಿಗೇ ತೋರಿಸಿ ಅನ್ನೋದಕ್ಕೆ ಇನ್ನೊಂದು ಕಾರಣ ಇದೆ. 1967ರಲ್ಲಿ ಕೆನಡಾದ ಫೋಗೋ ಅನ್ನೋ ದ್ವೀಪದಲ್ಲಿ, ಅಲ್ಲಿನ ನ್ಯಾಷನಲ್ ಫಿಲ್ಮ್ ಬೋರ್ಡ್‌ನ ಕಾಲಿನ್ ಲೋ ಮೀನುಗಾರರ ಮಾತನ್ನು ಚಿಕ್ಕ ಚಿಕ್ಕ ಚಿತ್ರಗಳಾಗಿ ತೆಗೆದರು. ದ್ವೀಪದವರನ್ನೆಲ್ಲ ಬೇರೆ ಕಡೆಗೆ ಸಾಗಿಸುವ ಮಾತು ಸರ್ಕಾರದಲ್ಲಿ ನಡೆದಿತ್ತು. ಚಿತ್ರದಲ್ಲಿದ್ದವರಿಗೇ ಮೊದಲು ತೋರಿಸುತ್ತಿದ್ದರು, ಅವರು ಬೇಡ ಅಂದದ್ದನ್ನು ತೆಗೆಯುತ್ತಿದ್ದರು, ಒಪ್ಪಿದ ಮೇಲೆ ಪಕ್ಕದ ಹಳ್ಳಿಗಳಿಗೆ, ಆಮೇಲೆ ಸರ್ಕಾರದವರಿಗೆ. ಒಂದೇ ದ್ವೀಪದಲ್ಲಿದ್ದೂ ಒಬ್ಬರನ್ನೊಬ್ಬರು ಸರಿಯಾಗಿ ಅರಿಯದ ಹಳ್ಳಿಗಳು ಎಲ್ಲರ ಕಷ್ಟವೂ ಒಂದೇ ಅಂತ ಕಂಡುಕೊಂಡವು. ಜನ ಊರು ಬಿಡಲಿಲ್ಲ, ಮೀನುಗಾರರ ಸಹಕಾರ ಸಂಘ ಕಟ್ಟಿಕೊಂಡರು. ಜನರೇ ಸೇರಿ ಚಿತ್ರ ಮಾಡುವ ಪದ್ಧತಿಗೆ ಇಂದಿಗೂ ಅದನ್ನೇ ಮೂಲ ಅಂತ ಹೇಳುತ್ತಾರೆ. ಅಲ್ಲಿನ ಒಂದು ನಿಯಮವನ್ನು ನೀವೂ ಬಿಡದೆ ಪಾಲಿಸಿ. ವಿಡಿಯೋದಲ್ಲಿ ಇರುವವರು ಪೂರ್ತಿ ನೋಡಿ ಒಪ್ಪುವ ತನಕ ಅದು ಎಲ್ಲಿಗೂ ಹೋಗಬಾರದು. ಒಪ್ಪಿದ ಮೇಲೂ ನಾಳೆ ಬೇಡ ಅಂದರೆ ತೆಗೆಯಬೇಕು. ಈ ನಂಬಿಕೆ ಒಂದು ಸಲ ಮುರಿದರೆ ಊರಲ್ಲಿ ಮತ್ತೆ ಯಾರೂ ಫೋನ್ ಮುಂದೆ ಕೂರೋದಿಲ್ಲ.

ಹೆಂಗಸರ ಹಿಂಜರಿಕೆಗೆ ಬಹಳ ಸಲ ಕಾರಣ ನಾಚಿಕೆ ಅಲ್ಲ, "ಮಂದಿ ಏನಂತಾರ, ಮನಿಯವ್ರು ಏನಂತಾರ" ಅನ್ನೋದು. ಅದು ಸುಳ್ಳು ಭಯ ಅಂತ ನಾನು ಹೇಳಲಾರೆ. ಕೆಟ್ಟ ಕಮೆಂಟ್ ಬರುತ್ತವೆ, ಅದರ ಬಿಸಿ ಅವರ ಮನೆಯಲ್ಲೇ ತಾಗುತ್ತದೆ. ಧೈರ್ಯವಾಗಿರಿ ಅಂತ ಉಪದೇಶ ಮಾಡುವ ಬದಲು ಆಯ್ಕೆ ಅವರಿಗೆ ಬಿಡಿ. ಮುಖ ಬೇಡವೇ, ಕೈ ಮತ್ತು ಧ್ವನಿ ಸಾಕು. ಧ್ವನಿಯೂ ಬೇಡವೇ, ಬೇರೆಯವರು ಹೇಳಲಿ. ಮನೆಯ ಗ್ರೂಪಿನಲ್ಲಷ್ಟೇ ಇರಲಿ ಅಂದರೆ ಅಷ್ಟೇ ಇರಲಿ, ಅದನ್ನು ಹಂಚಿದ್ದು ಅಂತಲೇ ಲೆಕ್ಕ ಹಿಡಿಯಿರಿ. ಅದರ ಮುಂದೆ ಸಂಘದ ಗ್ರೂಪ್. ಅದಕ್ಕೂ ಮುಂದೆ ಯೂಟ್ಯೂಬ್‌ನಲ್ಲಿ ಅನ್‌ಲಿಸ್ಟೆಡ್ ಅಂತ ಹಾಕಿದರೆ ಲಿಂಕ್ ಇದ್ದವರಿಗೆ ಮಾತ್ರ ಕಾಣುತ್ತೆ, ಹುಡುಕಿದರೆ ಸಿಗೋದಿಲ್ಲ. ಆದರೆ ಲಿಂಕ್ ಕೈಯಿಂದ ಕೈಗೆ ಹೋಗಬಹುದು ಅನ್ನೋದನ್ನೂ ಅವರಿಗೆ ಹೇಳಿಬಿಡಿ. ಎಲ್ಲರಿಗೂ ಕಾಣುವಂತೆ ಹಾಕುವ ದಿನ ಬಂದರೆ ಕಮೆಂಟ್ ಬಂದ್ ಮಾಡಿ, ಅಥವಾ ನೀವು ನೋಡಿ ಬಿಟ್ಟ ಮೇಲಷ್ಟೇ ಕಾಣುವ ಹಾಗೆ ಸೆಟ್ಟಿಂಗ್ ಇಡಿ. ತಡೆಯಬೇಕಾದ ಪದಗಳ ಪಟ್ಟಿ ಮಾಡುವ ಸೌಲಭ್ಯವೂ ಇದೆ, ಅದಕ್ಕೆ ಕನ್ನಡದ ಬೈಗುಳಗಳನ್ನು ನೀವೇ ಕೂತು ಸೇರಿಸಬೇಕು.

ಹಾಕುವ ಮುಂಚೆ ಹಿನ್ನೆಲೆ ಒಂದು ಸಲ ನೋಡಿ. ಗೋಡೆಯ ಮೇಲೆ ಬರೆದ ಫೋನ್ ನಂಬರ್, ಟೇಬಲ್ ಮೇಲಿನ ಆಧಾರ್ ಕಾರ್ಡು, ಪಾಸ್‌ಬುಕ್ಕು, ಸ್ನಾನ ಮುಗಿಸಿ ಬರುತ್ತಿರುವ ಮಗು, ಇವೆಲ್ಲ ತೆಗೆಯುವಾಗ ಕಣ್ಣಿಗೆ ಬೀಳೋದಿಲ್ಲ. ಔಷಧಿ, ಕೀಟನಾಶಕದ ವಿಷಯದಲ್ಲಿ ಮಾತ್ರ ಬಿಗಿಯಾಗಿರಿ. ಗೋವಿನಜೋಳಕ್ಕೆ ಬರುವ ಫಾಲ್ ಸೈನಿಕ ಹುಳು 2018ರಲ್ಲಿ ದೇಶದಲ್ಲೇ ಮೊದಲು ಕಂಡದ್ದು ನಮ್ಮ ರಾಜ್ಯದಲ್ಲಿ. ಸುಳಿಯಲ್ಲಿ ಮರದ ಹುಡಿಯಂಥ ಹಿಕ್ಕೆ ಕಂಡರೆ ಹುಳು ಒಳಗಿದೆ ಅಂತ ರೈತರು ತೋರಿಸುವ ವಿಡಿಯೋ ಬಹಳ ಉಪಯೋಗ. ಆದರೆ ಯಾವ ಔಷಧಿ, ಲೀಟರಿಗೆ ಎಷ್ಟು ಅನ್ನೋದು ಬಂದ ಕೂಡಲೇ ರೈತ ಸಂಪರ್ಕ ಕೇಂದ್ರದವರನ್ನು ಕೇಳಿ ಖಾತ್ರಿ ಮಾಡಿಕೊಂಡೇ ಮುಂದಕ್ಕೆ ಕಳಿಸಿ. ಮನೆಮದ್ದಿನ ವಿಡಿಯೋಗಳಿಗೂ ಇದೇ ಮಾತು, ಅಲ್ಲಿ ಆಸ್ಪತ್ರೆಯ ಡಾಕ್ಟರನ್ನೋ ನರ್ಸನ್ನೋ ಕೇಳಿ.

ಮೂಲ ಫೈಲ್ ಯಾವತ್ತೂ ನಿಮ್ಮ ಹತ್ತಿರ ಇರಲಿ. 2020ರ ಜೂನ್ 29ಕ್ಕೆ ಟಿಕ್‌ಟಾಕ್ ನಿಷೇಧವಾಯಿತಲ್ಲ, ಹಳ್ಳಿಯ ಎಷ್ಟೋ ಜನ ಮೊದಲ ಸಲ ನಾಚಿಕೆ ಬಿಟ್ಟು ವಿಡಿಯೋ ಮಾಡಿದ್ದು ಅಲ್ಲಿ. ಬೇರೆಲ್ಲೂ ಪ್ರತಿ ಇಡದವರ ಕೆಲಸ ರಾತ್ರೋರಾತ್ರಿ ಕೈತಪ್ಪಿತು. ಆ್ಯಪ್ ಇವತ್ತು ಇರುತ್ತೆ, ನಾಳೆ ಹೋಗುತ್ತೆ. ಕೇಂದ್ರದ ಕಂಪ್ಯೂಟರ್‌ನಲ್ಲಿ ಒಂದು, ಪೆನ್‌ಡ್ರೈವ್‌ನಲ್ಲಿ ಒಂದು ಪ್ರತಿ ಇಡಿ, ಫೈಲ್ ಹೆಸರಿನಲ್ಲೇ ವಿಷಯ, ಓಣಿ, ವರ್ಷ ಬರೆಯಿರಿ. ವಾಟ್ಸಾಪ್‌ನಲ್ಲಿ ತರಿಸಿಕೊಳ್ಳುವಾಗ ವಿಡಿಯೋ ಅಂತ ಕಳಿಸಿದರೆ ಅದು ಕುಗ್ಗಿಸಿಬಿಡುತ್ತೆ, ಡಾಕ್ಯುಮೆಂಟ್ ಅಂತ ಕಳಿಸಲು ಹೇಳಿ, 2 ಜಿಬಿ ತನಕ ಹಾಗೇ ಬರುತ್ತದೆ. ಸೋಬಾನೆ ಪದ, ಬೀಸುವ ಪದ ಹಾಡುವ ಅಜ್ಜಿಯರದ್ದನ್ನಂತೂ ಯಾರು ನೋಡಲಿ ಬಿಡಲಿ, ಮೊದಲು ರೆಕಾರ್ಡ್ ಮಾಡಿ ಇಟ್ಟುಬಿಡಿ. ಅದಕ್ಕೆ ಕಾಯೋಕೆ ಸಮಯ ಇಲ್ಲ.

ಇನ್ನು ದುಡ್ಡು. ನೇರವಾಗಿ ಹೇಳಿ, ಆಸೆ ಹುಟ್ಟಿಸಬೇಡಿ. ಯೂಟ್ಯೂಬ್‌ನಲ್ಲಿ ಜಾಹೀರಾತಿನ ಪಾಲು ಬರಬೇಕಾದರೆ 1,000 ಸಬ್‌ಸ್ಕ್ರೈಬರ್ ಇರಬೇಕು, ಜೊತೆಗೆ 12 ತಿಂಗಳಲ್ಲಿ ಜನ ಒಟ್ಟು 4,000 ಗಂಟೆ ನೋಡಿರಬೇಕು, ಅದಿಲ್ಲದಿದ್ದರೆ 90 ದಿನದಲ್ಲಿ ಶಾರ್ಟ್ಸ್ ಅನ್ನೋ ಪುಟ್ಟ ವಿಡಿಯೋಗಳಿಗೆ 1 ಕೋಟಿ ವೀಕ್ಷಣೆ ಬಂದಿರಬೇಕು. ಮೂರು ನಿಮಿಷದ ರೊಟ್ಟಿ ವಿಡಿಯೋವನ್ನು ಶಾರ್ಟ್ಸ್ ಅಲ್ಲದೆ ಮಾಮೂಲಿ ವಿಡಿಯೋ ಅಂತ ಲೆಕ್ಕ ಹಾಕಿದರೆ, 80,000 ಸಲ ಪೂರ್ತಿ ನೋಡಿದಾಗ 4,000 ಗಂಟೆ ಆಗುತ್ತೆ. ದುಡ್ಡಿಗೆ ಅಂತಲೇ ಶುರು ಮಾಡಿದವರು ಎರಡು ತಿಂಗಳಲ್ಲಿ ಕೈಬಿಡುವುದನ್ನು ನಾನು ಬಹಳ ನೋಡಿದ್ದೇನೆ. "ಚಾನೆಲ್ ಮಾನಿಟೈಸ್ ಮಾಡಿಕೊಡ್ತೀವಿ, ಇಷ್ಟು ಕಟ್ಟಿ" ಅಂತ ಕಾಲ್ ಮಾಡುವವರು ಬೇರೆ ಇರುತ್ತಾರೆ. ಯಾರೂ ಒಂದು ರೂಪಾಯಿ ಕಟ್ಟಬಾರದು, ಒಟಿಪಿ ಹೇಳಬಾರದು, ಹಣ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ದುಡ್ಡು ಬರುವ ದಾರಿ ಬೇರೆ ಇದೆ. ಒಣರೊಟ್ಟಿ, ಶೇಂಗಾ ಚಟ್ನಿ, ಮೆಣಸಿನಪುಡಿ ಮಾರುವ ಸಂಘಗಳು ತಾವು ಮಾಡುವುದನ್ನು ಹಾಗೇ ತೋರಿಸಿದರೆ, ನೋಡಿದವರು ಆರ್ಡರ್ ಕೊಡುತ್ತಾರೆ. ಅದಕ್ಕೆ 80,000 ಜನ ಬೇಕಿಲ್ಲ, ಪಕ್ಕದ ಊರಿನ 50 ಮನೆ ಸಾಕು. ಆಹಾರ ಮಾರುವುದಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿಯನ್ನಂತೂ ಮಾಡಿಸಿಕೊಳ್ಳಲೇಬೇಕು.

ಮತ್ತೆ, ಜಾಸ್ತಿ ವೀಕ್ಷಣೆ ಬಂದವರಿಗೆ ಬಹುಮಾನ ಅಂತ ಸ್ಪರ್ಧೆ ಇಡುವ ಯೋಚನೆ ಯಾರಾದರೂ ತಂದರೆ ಬೇಡ ಅನ್ನಿ. ಗೆಲ್ಲುವುದು ಮತ್ತೆ ಆ ಕಾಲೇಜು ಹುಡುಗರೇ, ಅಜ್ಜ ಅಜ್ಜಿಯರು ಮೊದಲ ವಾರವೇ ಹಿಂದೆ ಸರಿಯುತ್ತಾರೆ. ಬಹುಮಾನ ಕೊಡಲೇಬೇಕು ಅಂದರೆ ಒಳ್ಳೆಯ ಪ್ರಶ್ನೆ ತಂದವರಿಗೆ ಕೊಡಿ.

ಒಂದು ವಿಷಯ ಗಮನದಲ್ಲಿಡಿ. ನಿಮ್ಮ ಕೇಂದ್ರಕ್ಕೆ ಯಾವ ಓಣಿಯವರು ಬರೋದೇ ಇಲ್ಲ ಅನ್ನೋದು ನಿಮಗೆ ಗೊತ್ತಿರುತ್ತದೆ. ಎರಡನೇ ಮೂರನೇ ವಿಡಿಯೋವೇ ಅಲ್ಲಿಂದ ಬರಲಿ. ಹತ್ತು ವಿಡಿಯೋ ಆದ ಮೇಲೆ ಹೋದರೆ ಅದು ದೊಡ್ಡವರ ಓಣಿಯ ಕೆಲಸ ಅಂತ ಹೆಸರು ಬಿದ್ದಿರುತ್ತದೆ. ಹಲಗಿ ಕಟ್ಟುವವರು, ಚಪ್ಪಲಿ ಹೊಲಿಯುವವರು, ಬುಟ್ಟಿ ಹೆಣೆಯುವವರು, ಕಂಬಳಿ ನೇಯುವವರು, ಇವರ ಕೈಯಲ್ಲಿರುವಷ್ಟು ತೋರಿಸುವ ಕೆಲಸ ಊರಿನಲ್ಲಿ ಬೇರೆ ಯಾರ ಹತ್ತಿರವೂ ಇಲ್ಲ. ಟಿವಿಯಲ್ಲಿ ತೋರಿಸುವ ದಿನ ಅವರನ್ನು ನೀವೇ ಹೋಗಿ ಕರೆದುಕೊಂಡು ಬನ್ನಿ, ಮುಂದೆ ಕೂರಿಸಿ.

ಶುರು ಮಾಡೋಕೆ ಬೇಸಿಗೆ ಒಳ್ಳೆಯದು. ಮುಂಗಾರಿನ ಬಿತ್ತನೆ ಶುರುವಾದ ಮೇಲೆ ಯಾರೂ ಕೈಗೆ ಸಿಗೋದಿಲ್ಲ. ನೋಟ್‌ಬುಕ್ಕು ಮಾತ್ರ ನಾಳೆಯೇ ಇಡಿ, ನಾಲ್ಕೈದು ಪ್ರಶ್ನೆ ಸೇರಿದ ಮೇಲೆ ನನಗೆ ಬರೆದು ಕಳಿಸಿ, ಯಾವುದನ್ನು ಮೊದಲು ತೆಗೆಯಬಹುದು ಅಂತ ಕೂತು ನೋಡೋಣ.